ಗಡಿಗೆಯೊಳಗಿನ ಕೈ

"ಕೊಡದವರಿಗೆ ಕೊಡೋ ಮಾತಿನಾಗ ಪಾಲು ಯಾಕ ಇರಬೇಕು, ಆಯಿ?"

ಶಿವಲೀಲಾ ಹೀಗೆ ಕೇಳಿದ್ದು ಒಂದು ಭಾನುವಾರದ ಮಧ್ಯಾಹ್ನ, ಪುಣೆಯ ಒಂದು ಓಣಿಯಲ್ಲಿ, ಮನೆಯ ಹೊಸ್ತಿಲ ಬಳಿ ಕುಳಿತು. ಅವಳ ಮುಂದೆ ಹೊಸ ಕವರುಗಳ ಕಟ್ಟು ಇತ್ತು, ಕೈಯಲ್ಲಿ ಪೆನ್ನಿತ್ತು. ಎದುರಿಗೆ ಅವಳ ಅಜ್ಜಿ ಮುರಿಗೆವ್ವ ತೊಡೆಯ ಮೇಲೆ ಕೌದಿ ಹರಡಿಕೊಂಡು ಕುಳಿತಿದ್ದಳು. ಮೊಮ್ಮಗಳಿಗೆ ಅವಳು ಆಯಿ, ಓಣಿಗೆಲ್ಲ ಗುರವ್ವ. ಕೌದಿ ಹೊಲಿದು ನಾಲ್ಕು ಕಾಸು ಗಳಿಸುತ್ತ, ಓಣಿಯ ಅರ್ಧ ಹೆಂಗಸರಿಗೂ ಅದನ್ನು ಕಲಿಸಿದವಳು ಅವಳು. ಬದುಕಿನಲ್ಲಿ ಏನಾದರೂ ತೊಡಕಾದಾಗ ಅವರು ಬುದ್ಧಿ ಕೇಳಲು ಬರುತ್ತಿದ್ದದ್ದೂ ಅವಳ ಬಳಿಗೇ. ಶಿವಲೀಲಾಳೂ ಅವಳ ಶಿಷ್ಯೆಯೇ.

ಓಣಿಯ ಹೆಂಗಸರು ಮನೆಗೆಲಸಕ್ಕೆ ಹೋಗುವವರು. ಅವರದೊಂದು ಸಂಘ. ಪ್ರತಿ ಭಾನುವಾರ ಪ್ರತಿಯೊಬ್ಬಳೂ ತನ್ನ ಕೈಲಾದಷ್ಟನ್ನು ಕವರಿನಲ್ಲಿಟ್ಟು, ಅಂಟಿಸಿ, ಡಬ್ಬಿಗೆ ಹಾಕುವಳು. ಕವರಿನ ಮೇಲೆ ಹೆಸರಿಲ್ಲ. ಅನ್ಯಾಯದ ಎದುರು ನಿಂತು ಯಾರಾದರೂ ಕೆಲಸ ಕಳೆದುಕೊಂಡರೆ ಡಬ್ಬಿಯ ಹಣ ಅವಳ ಮನೆಗೆ ಹೋಗುವುದು. ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು ಎಂಬುದನ್ನು ಕವರು ಹಾಕಿದವರೆಲ್ಲ ಒಟ್ಟಿಗೆ ಕೂತು ತೀರ್ಮಾನಿಸುವರು. ಕಳ್ಳತನದ ಸುಳ್ಳು ಅಪವಾದ ಹೊತ್ತ ಒಬ್ಬಳು ಹೋದ ತಿಂಗಳು ಠಾಣೆಗೆ ಅಲೆದು, ಹೆಸರು ತೊಳೆದುಕೊಂಡು ಬಂದಿದ್ದಳು. ಅಷ್ಟೂ ದಿನ ಅವಳ ಮಕ್ಕಳು ಉಂಡದ್ದು ಡಬ್ಬಿಯಿಂದ. ಅವಳ ಸುದ್ದಿಯನ್ನು ಸಭೆಗೆ ಮೊದಲು ತಂದವಳು ಮುರಿಗೆವ್ವ.

ಈ ವರ್ಷ ಡಬ್ಬಿ ಶಿವಲೀಲಾಳ ಕೈಗೆ ಬಂದಿತ್ತು. ಆ ದಿನ ಅವಳು ನಲವತ್ತೊಂದು ಕವರು ಬಿಚ್ಚಿದಳು. ಮೂರರಲ್ಲಿ ಏನೂ ಇರಲಿಲ್ಲ. ಹಿಂದಿನ ವಾರವೂ ಮೂರು. ಅದರ ಹಿಂದಿನ ವಾರವೂ ಮೂರು.

"ಮೂರು ಮಂದಿ ನಮಗ ಟೋಪಿ ಹಾಕಾಕತ್ತಾರ," ಎಂದಳು. "ಮುಂದಿನ ವಾರದಿಂದ ಕವರಿನ ಮ್ಯಾಲೆ ಹೆಸರು ಬರೀತೀನಿ. ಖಾಲಿ ಹಾಕಿದವರು ಸಭಾದಾಗ ಕೂಡೋದು ಬ್ಯಾಡ."

ಮುರಿಗೆವ್ವ ಸೂಜಿಯನ್ನೂ ದಾರವನ್ನೂ ಮೊಮ್ಮಗಳ ಕಡೆಗೆ ಚಾಚಿದಳು. ಶಿವಲೀಲಾ ಪೋಣಿಸಿ ಕೊಟ್ಟಳು. ಯುಗಾದಿಗೆ ಹಿಡಿದ ಕೌದಿ ದಸರೆ ಬಂದರೂ ಮುಗಿದಿರಲಿಲ್ಲ.

"ನಮ್ಮೂರಾಗ ಒಂದು ಗಡಿಗಿ ಇತ್ತು," ಎಂದಳು ಮುರಿಗೆವ್ವ. "ಅದಕ್ಕ ಏನೋ ಅಂತಿದ್ರು. ಕೈ... ಕೈ... ಕೈಮರ."

"ಕೈಮರ ಅಂದ್ರ ದಾರಿ ತೋರಿಸೋ ಕಂಬ, ಆಯಿ."

"ಹೌದಲ್ಲ. ಅದಲ್ಲ ಬಿಡು. ಕೈ ಅಂತ ಶುರು ಆಗೋದು ಖರೆ. ಐವತ್ತು ವರ್ಷ ಆತು ಆ ಮಾತು ಆಡಿ. ಇಲ್ಲಿ ಯಾರ ಕೂಡ ಆಡ್ಲಿ? ಇರ್ಲಿ, ಗಡಿಗಿ ಅಂತನ ಹೇಳ್ತೀನಿ, ಕೇಳು."

ಮುರಿಗೆವ್ವ ಹೇಳಿದ ಕತೆ ಇದು.

ಒಂದು ಊರು. ಊರ ಹೊರಗೆ ಕೂಲಿಯವರ ಮೂವತ್ತೊಂದು ಮನೆ. ಅವರಲ್ಲಿ ಒಬ್ಬ ದೊಡ್ಡವರ ಮೇಲೆ ತಕರಾರು ಹೇಳಲು ಕಚೇರಿಗೆ ಹೊರಟರೆ ಅಂದಿನ ಕೂಲಿ ಹೋಯಿತು. ನಾಲ್ಕು ದಿನ ಅಲೆದರೆ ಮನೆಯ ಒಲೆ ಆರಿತು. ಒಲೆ ಆರುತ್ತದೆ ಎಂದು ಗೊತ್ತಿದ್ದೇ ದೊಡ್ಡವರು ನಿಶ್ಚಿಂತೆಯಿಂದ ಇದ್ದರು. ಇದನ್ನು ಕಂಡು ಹಿಂದಿನವರು ಯಾರೋ ಒಂದು ಗಡಿಗೆ ಇಟ್ಟರು.

ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿತ್ತು. ಬಟ್ಟೆಯ ನಡುವೆ ಕೈ ಹಿಡಿಸುವಷ್ಟು ಸೀಳು. ವಾರಕ್ಕೊಮ್ಮೆ ಮನೆಗೊಬ್ಬರು ಬಂದು ಅದರಲ್ಲಿ ಹಿಡಿ ಜೋಳ ಹಾಕಬೇಕು. ಮುಚ್ಚಿದ ಕೈ ಒಳಗೆ ಹೋಗಬೇಕು, ಬಿಚ್ಚಿದ ಕೈ ಹೊರಗೆ ಬರಬೇಕು. ನಡುವೆ ಏನು ಬಿತ್ತೆಂದು ಯಾರೂ ಕೇಳುವಂತಿಲ್ಲ. ಅಮಾವಾಸ್ಯೆಗೆ ಎತ್ತು ಹೂಡುವುದಿಲ್ಲ, ಕೂಲಿ ಇಲ್ಲ. ಅಂದು ಗಡಿಗೆಗೆ ಕೈ ಹಾಕಿದವರೆಲ್ಲ ಬೇವಿನ ಮರದ ಕೆಳಗೆ ಕೂತು, ಈ ಸಲದ ಜೋಳ ಯಾರ ಮನೆಗೆ ಹೋಗಲಿ ಎಂದು ಮಾತಾಡಿಕೊಳ್ಳುವರು.

ಗಡಿಗೆ ನೋಡಿಕೊಳ್ಳುವ ಸರದಿ ಒಮ್ಮೆ ಒಬ್ಬ ಅಳೆಯುವವನಿಗೆ ಬಂತು. ಕಣದಲ್ಲಿ ರಾಶಿ ಅಳೆದು ಕೊಡುವುದು ಅವನ ಕೂಲಿ. ಒಂದು ಕಾಳನ್ನೂ ಅತ್ತ ಇತ್ತ ಮಾಡಿದವನಲ್ಲ. ಎಂಥ ರಾಶಿಯನ್ನು ಕಂಡರೂ ಅವನ ಕೈ ಅಳೆಯಲು ಹೋಗುತ್ತಿತ್ತು. ಗಡಿಗೆಯ ಜೋಳವನ್ನೂ ಅವನು ಅಳೆದ. ಅದಕ್ಕೆ ಮೊದಲು ಯಾರೂ ಅಳೆದಿರಲಿಲ್ಲ. ಮೂವತ್ತೊಂದು ಕೈ ಒಳಗೆ ಹೋಗಿದ್ದವು. ಜೋಳ ಇದ್ದದ್ದು ಇಪ್ಪತ್ತೈದು ಹಿಡಿ.

ಮತ್ತೆ ಅಳೆದ. ಇಪ್ಪತ್ತೈದೇ. ಅವನಿಗೆ ಅಂದು ಊಟ ರುಚಿಸಲಿಲ್ಲ.

ಮರುವಾರ ಅವನು ಬಟ್ಟೆ ಬಿಚ್ಚಿಟ್ಟ. ಗಡಿಗೆಯ ಪಕ್ಕದಲ್ಲಿ ಒಂದು ಮೊರ ಇಟ್ಟ. "ಮೊದಲ ಮೊರಕ್ಕ ಸುರೀರಿ, ಎಲ್ಲಾರೂ ನೋಡ್ಲಿ. ಆಮ್ಯಾಲೆ ಗಡಿಗಿಗೆ," ಎಂದ.

"ಏನೋ ತಮ್ಮಾ, ಧಣ್ಯಾರ ಕಣಾನ ಇಲ್ಲಿಗೆ ಹೊತ್ಕೊಂಡು ಬಂದ್ಯಲ್ಲ!" ಎಂದ ಒಬ್ಬ ಮುದುಕ. ಎಲ್ಲರೂ ನಕ್ಕರು. ನಕ್ಕು, ಸಾಲಾಗಿ ಬಂದು ಮೊರಕ್ಕೆ ಸುರಿದರು. ಹತ್ತು ಕಣ್ಣು ನೋಡುವಾಗ ಹಿಡಿ ತಾನಾಗಿ ದೊಡ್ಡದಾಯಿತು. ಕೆಲವರು ಬೊಗಸೆಯಲ್ಲಿ ತಂದರು. ಎರಡು ವಾರಕ್ಕೆ ತುಂಬುತ್ತಿದ್ದಷ್ಟು ಒಂದೇ ವಾರಕ್ಕೆ ತುಂಬಿತು. ಅಳೆಯುವವನನ್ನು ಎಲ್ಲರೂ ಹೊಗಳಿದರು.

ಆರು ಮಂದಿ ಬರಲಿಲ್ಲ. ಒಬ್ಬಳಿಗೆ ಹೊಟ್ಟೆನೋವು ಎಂದರು. ಒಬ್ಬ ಬೀಗರ ಊರಿಗೆ ಹೋಗಿದ್ದಾನೆ ಎಂದರು. ಈಚಲು ಗರಿಯ ಬುಟ್ಟಿ ಹೆಣೆಯುವ ಒಬ್ಬಳು ಬೇವಿನ ಮರದ ತನಕ ಬಂದಳು. ದೂರದಿಂದಲೇ ಮೊರವನ್ನು ನೋಡಿದಳು. ತಿರುಗಿ ಹೋದಳು. ಅಳೆಯುವವನು ಅವಳ ಬೆನ್ನು ನೋಡಿ, ಸಿಕ್ಕಿಬಿದ್ದಳು ಎಂದುಕೊಂಡ.

ಅಮಾವಾಸ್ಯೆಗೆ ಇಪ್ಪತ್ತೈದು ಮಂದಿ ಕೂತರು. ಜೋಳದ ರಾಶಿ ದೊಡ್ಡದಿತ್ತು. ಯಾರಿಗೆ ಕೊಡೋಣ ಎಂದರೆ ಯಾರಿಗೂ ಒಂದು ಹೆಸರು ಹೊಳೆಯಲಿಲ್ಲ. ಜೋಳ ಮಾರಿ ಚಾವಡಿಗೆ ಸುಣ್ಣ ಬಳಿಸಿದರು. ಮುಂದಿನ ಅಮಾವಾಸ್ಯೆಗೆ ಮದುವೆ ಅಡುಗೆಗೆಂದು ಒಂದು ಹಂಡೆ ತಂದರು. ಅದರ ಮುಂದಿನ ಅಮಾವಾಸ್ಯೆಗೆ ತರುವುದಕ್ಕೂ ಏನೂ ಉಳಿದಿರಲಿಲ್ಲ. ಕೂಡಿಟ್ಟ ಜೋಳಕ್ಕೆ ನುಸಿ ಹತ್ತಿತು.

"ನಮ್ಮಲ್ಲಿ ಈಗ ಅನ್ಯಾಯನ ಇಲ್ಲ ನೋಡ್ರಿ," ಎಂದ ಅಳೆಯುವವನು. ಆ ಮಾತು ಎಲ್ಲರಿಗೂ ಹಿತವಾಯಿತು.

ಬೇಸಿಗೆ ಬಂತು. ಕೇರಿಯ ಬಾವಿಯ ತಳ ಕಂಡಿತು. ಪ್ರತಿ ವರ್ಷದಂತೆ ಎಲ್ಲರೂ ಕೊಡ ಹೊತ್ತು ಹಳ್ಳದ ಒರತೆಗೆ ಹೊರಟರು. ಹಳ್ಳಕ್ಕೆ ಇಳಿಯುವ ದಾರಿಗೆ ಮುಳ್ಳುಬೇಲಿ ಬಿದ್ದಿತ್ತು. ಬೇಲಿಯ ಆಚೆ ಊರ ಜಮೀನುದಾರನ ಆಳು ನಿಂತಿದ್ದ.

"ಬೇಲಿ ಬಿದ್ದು ಮೂರು ತಿಂಗಳಾಗಾಕ ಬಂತು. ತಕರಾರು ಇದ್ದವರು ಬರ್ರಿ ಅಂತ ಕಚೇರಿಯವರು ಇದ ಗೂಟಕ್ಕ ಕಾಗದ ಹಚ್ಚಿದ್ರು," ಎಂದ ಆಳು. "ನಿಮ್ಮ ಸಭಾದವರು ಒಬ್ಬರೂ ಉಸಿರೆತ್ತಲಿಲ್ಲ. ಈಗ ಕೊಡಾ ಹೊತ್ಕೊಂಡು ಬಂದೀರೇನು?"

ಅಳೆಯುವವನು ಬೇಲಿಯ ಉದ್ದಕ್ಕೂ ಕಣ್ಣಾಡಿಸಿದ. ಒರತೆ ಹೋದರೆ ಮೂವತ್ತೊಂದು ಮನೆಗೂ ನೀರಿಲ್ಲ. ನೀರಿಲ್ಲದ ಮೇಲೆ ಕೇರಿಯೇ ಇಲ್ಲ. ವರ್ಷವಿಡೀ ಹಳ್ಳದ ದಂಡೆಗೆ ಹೋಗುತ್ತಿದ್ದವರು ಯಾರು ಎಂದು ನೆನೆದ. ಗರಿ, ಹುಲ್ಲು, ಕಟ್ಟಿಗೆ ತಂದು ಬದುಕುವ ಆರು ಮನೆಯವರು. ಆ ಆರು ಮಂದಿಯೇ ಈಗ ಗಡಿಗೆಗೆ ಬರುತ್ತಿರಲಿಲ್ಲ. ಕೊಡ ಅಲ್ಲೇ ಇಟ್ಟು ಬುಟ್ಟಿಯವಳ ಗುಡಿಸಿಲಿಗೆ ಓಡಿದ.

"ಬೇಲಿ ಹಾಕಿದ್ದು ನಿನಗ ಗೊತ್ತಿತ್ತೇನು?"

"ಮೊದಲನೇ ಗೂಟ ಹೊಡೆದ ದಿನನ ಗೊತ್ತಿತ್ತು."

"ಮತ್ಯಾಕ ಹೇಳಲಿಲ್ಲವ್ವಾ?"

"ಎಲ್ಲಿ ಹೇಳ್ಲೋ ಅಣ್ಣಾ? ಹೇಳೋ ಜಾಗದಾಗ ನೀ ಮೊರ ಇಟ್ಟಿದ್ದಿ. ದಾರಿ ಮುಚ್ಚಿದ ಮ್ಯಾಲೆ ಗರಿ ಸಿಗಲಿಲ್ಲ, ಬುಟ್ಟಿ ಆಗಲಿಲ್ಲ. ಹಿಡಿ ಜೋಳ ಎಲ್ಲಿಂದ ತರ್ಲಿ? ಆ ವಾರ ಬರೇ ಕೈ ಹಾಕಿದ್ದೆ. ಅಮಾಸಿ ದಿನ ಎದ್ದು ನಿಂತು ಎಲ್ಲಾ ಹೇಳಬೇಕಂತ ಮಾಡಿದ್ದೆ."

ಅಳೆಯುವವನಿಗೆ ಆಗ ತಿಳಿಯಿತು. ತಾನು ಹಿಡಿದದ್ದು ಕಳ್ಳತನವಲ್ಲ, ಬೇಲಿಯ ಸುದ್ದಿ. ಅದನ್ನು ಸರಿಯಾಗಿ ಅಳೆದೂ ತಾನೇ ಮುಚ್ಚಿಹಾಕಿದ್ದ.

"ಎಲ್ಲಾ ಮುಗೀತೇನು?" ಎಂದ.

"ನಾವು ಆರು ಮಂದಿ ಕಚೇರಿಗೆ ನಡಕೊಂಡು ಹೋಗಿ ಹೆಬ್ಬೆಟ್ಟು ಒತ್ತಿ ಬಂದೀವಿ. ಆರು ಸಾಲಂಗಿಲ್ಲ, ಇಡೀ ಕೇರಿ ಬರ್ಲಿ ಅಂದ್ರು. ಮತ್ತ ಹೋಗಾಕ ನಮ್ಮ ಕಾಲಾಗ ತ್ರಾಣ ಇಲ್ಲ. ಸೋಮವಾರದ ತನಕ ವಾಯಿದೆ ಐತಿ."

ಅಂದು ಗುರುವಾರ. ಅಳೆಯುವವನು ಎರಡೂ ಕೈಯಿಂದ ಮುಖ ಒರೆಸಿಕೊಂಡು ಉದ್ದಕ್ಕೆ ಉಸಿರು ಬಿಟ್ಟ. ಇನ್ನೂ ನಾಲ್ಕು ದಿನ ಇತ್ತು.

ಅವನು ಹೋಗಿ ಗಡಿಗೆಯ ಬಾಯಿಗೆ ಮತ್ತೆ ಬಟ್ಟೆ ಕಟ್ಟಿದ. ಅಮಾವಾಸ್ಯೆಗೆ ಕಾಯದೆ ಎಲ್ಲರನ್ನೂ ಕರೆದ. ಬುಟ್ಟಿಯವಳು ಮೊದಲು ಬಂದಳು. ಮುಚ್ಚಿದ ಕೈ ಒಳಗೆ ಹಾಕಿ, ಬಿಚ್ಚಿದ ಕೈ ಹೊರಗೆ ತೆಗೆದು, ಎದ್ದು ನಿಂತು ಮಾತಾಡಿದಳು. ಅವಳ ಮಾತು ಮುಗಿದ ಮೇಲೆ ಯಾರಿಗೆ ಕೊಡೋಣ ಎಂದು ಯಾರೂ ಕೇಳಲಿಲ್ಲ. ನುಸಿ ಹತ್ತಿದ ಜೋಳವನ್ನು ಅದೇ ಮೊರದಲ್ಲಿ ಕೇರಿ, ಬೀಸಿ, ರೊಟ್ಟಿ ತಟ್ಟಿದರು.

ಶುಕ್ರವಾರ ಮೂವತ್ತೊಂದು ಮನೆಯವರೂ ಬುತ್ತಿ ಕಟ್ಟಿಕೊಂಡು ಹೋಗಿ ಕಚೇರಿಯ ಮುಂದೆ ಕೂತರು. ಹೆಬ್ಬೆಟ್ಟು ಒತ್ತಿದರು. ಮತ್ತೂ ಕೂತರು. ಕೂಲಿ ಹೋಯಿತು, ಒಲೆ ಆರಲಿಲ್ಲ. ಇಂದು ಏಳುತ್ತಾರೆ, ನಾಳೆ ಏಳುತ್ತಾರೆ ಎಂದು ಜಮೀನುದಾರ ಕಾದ. ಹನ್ನೊಂದನೆಯ ದಿನ ಅಧಿಕಾರಿ ಹಳೆಯ ನಕ್ಷೆ ಹಿಡಿದು ಹಳ್ಳಕ್ಕೆ ಬಂದ. ನಕ್ಷೆಯಲ್ಲಿ ದಾರಿ ಇತ್ತು. ಬೇಲಿ ಕಿತ್ತರು.

ಅಂದು ಒರತೆಯಲ್ಲಿ ಮೊದಲ ಕೊಡ ತುಂಬಿದವಳು ಬುಟ್ಟಿಯವಳು. ಉಳಿದವರು ಹಳ್ಳದ ಮರಳಿನಲ್ಲಿ ಕಾಲು ಚಾಚಿ ಕೂತುಬಿಟ್ಟರು. ಯಾರಿಗೂ ಮನೆಗೆ ಹೋಗುವ ಅವಸರವಿರಲಿಲ್ಲ. ಅಳೆಯುವವನು ಬೊಗಸೆ ಬೊಗಸೆ ಮೊಗೆದು ನೀರು ಕುಡಿದ.

"ಯಾಕೋ ತಮ್ಮಾ, ಅಳೆಯದನ ಕುಡಿಯಾಕತ್ತಿ?" ಎಂದ ಮುದುಕ.

ಅಳೆಯುವವನೇ ಎಲ್ಲರಿಗಿಂತ ಜೋರಾಗಿ ನಕ್ಕ. ನಕ್ಕೂ ನಕ್ಕೂ ಅವನ ಕಣ್ಣಲ್ಲಿ ನೀರು ಬಂತು.

ಮುಂದಿನ ವಾರ, ಮನೆಯಲ್ಲಿ ಜೋಳವಿದ್ದೂ, ಅವನು ಬುಟ್ಟಿಯವಳಂತೆ ಬರಿಗೈ ಮುಚ್ಚಿಕೊಂಡು ಗಡಿಗೆಗೆ ಹೊರಟ. ಜೋಳವಿದ್ದರೆ ಹಿಡಿ ತಾನಾಗಿ ನಿಲ್ಲುತ್ತದೆ. ಏನೂ ಇಲ್ಲದ ಕೈಯನ್ನು ಹಿಡಿ ಮಾಡಿಕೊಂಡು ಹತ್ತು ಜನರ ನಡುವೆ ನಡೆದುಬರಲು ಅವನಿಗೆ ಸಾಕುಬೇಕಾಯಿತು. ಆದರೂ ಕೈಯನ್ನು ಬಟ್ಟೆಯೊಳಗೆ ಹಾಕಿ, ಬಿಚ್ಚಿ ಹೊರಗೆ ತೆಗೆದ. ಆಮೇಲೆ ಎಷ್ಟೋ ವರ್ಷ ಗಡಿಗೆ ಅವನ ಬಳಿಯೇ ಇತ್ತು. ಜೋಳ ಕಡಿಮೆ ಬಂದ ವಾರ ಅವನು ಅಮಾವಾಸ್ಯೆಯ ಸಭೆಯಲ್ಲಿ, "ಯಾರಿಗೋ ಏನೋ ಆಗೇತಿ, ಹೇಳ್ರಿ," ಎಂದು ಕೇಳಿ, ಯಾರಾದರೂ ಬಾಯಿ ಬಿಡುವ ತನಕ ಸುಮ್ಮನೆ ಕೂತಿರುತ್ತಿದ್ದ.

ಕತೆ ಇಲ್ಲಿಗೆ ಬಂದಾಗ ಮುರಿಗೆವ್ವನ ಸೂಜಿ ನಿಂತಿತು.

"ಕೈಮರೆ!" ಎಂದಳು. "ಕೈಮರೆ ಗಡಿಗಿ! ಕೈಗೆ ಮರೆ. ಬಂತು ನೋಡು, ದೇವರು ದೊಡ್ಡಾಂವ. ಬರಕೋ, ಬರಕೋ, ಇಲ್ಲಂದ್ರ ಮತ್ತ ಹಾರಿಹೋಗತೈತಿ."

ಯಾರದೋ ಹೆಸರು ಬರೆಯಬೇಕಿದ್ದ ಮೊದಲ ಕವರಿನ ಮೇಲೆ ಶಿವಲೀಲಾ ಕೈಮರೆ ಎಂದು ಬರೆದಳು. ಉಳಿದ ಕವರುಗಳನ್ನು ಹಾಗೇ ಕಟ್ಟಿ ಡಬ್ಬಿಯ ಪಕ್ಕಕ್ಕಿಟ್ಟಳು. ಮೂರು ವಾರದಿಂದ ಅವಳ ತಲೆಯ ಮೇಲಿದ್ದ ಭಾರ ಇಳಿದಿತ್ತು. ಯಾರನ್ನೂ ಹುಡುಕಿ ಹಿಡಿಯುವ ಕೆಲಸವಿಲ್ಲ. ಯಾರನ್ನೂ ಸಭೆಯಿಂದ ಎಬ್ಬಿಸುವ ಕೆಲಸವಿಲ್ಲ.

"ಆಯಿ, ಆ ಬುಟ್ಟಿ ಹೆಣಿಯಾಕಿ ನೀನ ಏನು?" ಎಂದು ಕೇಳಿದಳು.

ಮುರಿಗೆವ್ವ ನಕ್ಕಳು. "ನನಗೆಲ್ಲಿ ಬುಟ್ಟಿ ಹೆಣಿಯಾಕ ಬರತೈತಿ? ನಾ ಮೊರ ಇಟ್ಟಾವನ ಮಗಳು."

"ಹಂಗಾದ್ರ ನನ್ನ ಈ ಬುದ್ಧಿ ನಿಮ್ಮಪ್ಪನ ಕಡಿಂದನ ಬಂದೈತಿ," ಎಂದು ಶಿವಲೀಲಾಳೂ ನಕ್ಕಳು. "ಆತು ಬಿಡು, ಆ ಮೂರು ಮಂದಿ ಯಾರು ಅಂತ ನಾ ಕೇಳಂಗಿಲ್ಲ. ಮುಂದಿನ ಸಭಾದಾಗ ಯಾರಿಗೋ ಏನೋ ಆಗೇತಿ, ಹೇಳ್ರಿ ಅಂತೀನಿ."

ಮುರಿಗೆವ್ವ ಕೌದಿಯನ್ನು ಮಡಿಸಿ ಪಕ್ಕಕ್ಕಿಟ್ಟಳು. ಅಷ್ಟು ಹೊತ್ತು ಹೊಲಿದರೂ ಹೊಲಿಗೆ ನಾಲ್ಕು ಬೆರಳು ಮುಂದೆ ಹೋಗಿರಲಿಲ್ಲ. ಸೂಜಿ ಎಲ್ಲಿದೆ ಎಂದು ಕೈಯಿಂದ ತಡವಿ ನೋಡಿ, ಅದನ್ನು ಬಟ್ಟೆಗೆ ಚುಚ್ಚಿದಳು.

"ಪೆನ್ನು ಮುಚ್ಚಬ್ಯಾಡ, ಇನ್ನೊಂದು ಸಾಲು ಬರಕೋ, ಮಗಳ: ಆ ಮೂರರಾಗ ಒಂದು ನಂದು."