ಹೊಳೆಯ ತಳದ ಹೊಟ್ಟು

“ಗುರುಗಳೇ, ರಿಪೇರಿಯ ಗೋಜು ಬೇಡವೆಂದು, ಕೆರೆಯ ಏರಿ ಗಟ್ಟಿಯಾಗಿದೆ ಎಂದು ಪಂಚಾಯಿತಿಯಲ್ಲಿ ಹೇಳಿಬಿಟ್ಟೆ. ಬಿರುಕು ಬಿಟ್ಟಿರುವುದು ನನಗೊಬ್ಬನಿಗೇ ಗೊತ್ತು. ಎಲ್ಲರೂ ನಂಬಿದ್ದಾರೆ. ಆದರೂ ಎದೆ ಯಾಕೆ ಹೊಡೆದುಕೊಳ್ಳುತ್ತದೆ?” ಎಂದು ಶಿಷ್ಯನು ಕೇಳಿದ.

ಗುರುಗಳು ಹೇಳಿದರು:

ನೂರೈವತ್ತು ವರ್ಷಗಳ ಹಿಂದೆ, ಕೆನಡಾ ಎಂಬ ಚಳಿಯ ದೇಶದಲ್ಲಿ, ಒಬ್ಬ ಸಾಮಿಲ್ಲಿನ ಧಣಿ ಇದ್ದ. ಒಂದು ಗರಗಸ ಹಿಡಿದು ಬಂದವನು ಹೊಳೆಯ ದಡದಲ್ಲಿ ದೊಡ್ಡ ಮಿಲ್ಲು ಕಟ್ಟಿದ. ಕೊಯ್ದ ಮರ ಪೇಟೆಗೆ ಹೋಗುತ್ತಿತ್ತು, ಗರಗಸದಿಂದ ಉದುರಿದ ಮರದ ಹೊಟ್ಟು ಹೊಳೆಗೆ ಬೀಳುತ್ತಿತ್ತು. ಊರವರೇ ಅವನನ್ನು ಆರಿಸಿ ಶಾಸನಸಭೆಗೆ ಕಳಿಸಿದರು. ಹೊಟ್ಟನ್ನು ನೀರಿಗೆ ಹಾಕಬಾರದೆಂಬ ಕಾನೂನು ಅಲ್ಲಿ ಚರ್ಚೆಗೆ ಬಂದಾಗ ಅವನು ಎದ್ದು ನಿಂತು, “ನಮ್ಮ ಹೊಳೆಯ ತಳ ಕನ್ನಡಿಯಂತಿದೆ” ಎಂದ. ಅವನ ಹೊಳೆಯನ್ನು ಕಾನೂನಿನಿಂದ ಹೊರಗಿಟ್ಟರು.

ತಳದಲ್ಲಿ ಎರಡಾಳೆತ್ತರದ ಹೊಟ್ಟು ಕೊಳೆಯುತ್ತಿರುವುದು ಅವನಿಗೆ ಗೊತ್ತಿತ್ತು. ಅದರಿಂದ ಏಳುವ ಅನಿಲ ಚಳಿಗಾಲದಲ್ಲಿ ಮಂಜುಗಡ್ಡೆಯ ಕೆಳಗೆ ಸೇರಿ, ಒಂದು ದಿನ ಅದನ್ನು ಸಿಡಿಸುತ್ತದೆ ಎಂಬುದೂ ಗೊತ್ತಿತ್ತು.

ಹೊಳೆ ಹೆಪ್ಪುಗಟ್ಟಿದ ಮೇಲೆ ಊರಿನ ಮುಖಂಡನು ಮೊದಲು ದಾಟಿ, ಮಂಜುಗಡ್ಡೆ ಭಾರ ತಡೆಯುತ್ತದೆ ಎಂಬ ಗುರುತಿಗೆ ಅಲ್ಲಲ್ಲಿ ಹಸಿರು ಕೊಂಬೆ ನೆಡುವುದು ಆ ಊರಿನ ಪದ್ಧತಿ. ಜನ ಆ ಜಾಡಿನಲ್ಲೇ ಆಚೆ ದಡದ ಚರ್ಚಿಗೆ ಹೋಗುವರು. ಈಗ ಮುಖಂಡ ಅವನೇ.

“ಮೈ ಸರಿಯಿಲ್ಲ. ಈ ಸಲ ಬೇರೆ ಯಾರಾದರೂ ಹೋಗಲಿ” ಎಂದ.

ಬಲೆ ಬೀಸುವ ಮುದುಕಿಯೊಬ್ಬಳು ನಕ್ಕಳು. “ನನ್ನ ಬಲೆಗೆ ಮೀನಿಗಿಂತ ನಿಮ್ಮ ಹೊಟ್ಟೇ ಜಾಸ್ತಿ ಬೀಳುತ್ತದೆ, ಧಣಿ. ಸಭೆಯಲ್ಲಿ ಬಾಯಿಂದ ಹೇಳಿದ್ದನ್ನು ಇಲ್ಲಿ ಕಾಲಿಂದ ಹೇಳಿ, ನೋಡೋಣ.”

ಅವನು ಕೊಂಬೆಗಳ ಹೊರೆ ಹೊತ್ತು ನಡೆದ. ನಡುಹೊಳೆಯಲ್ಲಿ ಕಾಲಡಿ ಗುಳುಗುಳು ಎಂದಿತು. ಕೊಳೆತ ವಾಸನೆ ಮೂಗಿಗೆ ಬಡಿಯಿತು. ಹಿಂತಿರುಗಿದರೆ ಸುಳ್ಳು ಬಯಲಾಗಿ ಮಿಲ್ಲು ನಿಲ್ಲುತ್ತದೆ. ಒಂದು ಕೊಂಬೆಯನ್ನು ಅಲ್ಲೇ ನೆಟ್ಟು, ಉಸಿರು ಬಿಗಿಹಿಡಿದು ಮುಂದೆ ನಡೆದ.

ದಡ ಮುಟ್ಟಿದಾಗ, ಸದ್ಯ ಬದುಕಿದೆ ಎನ್ನಿಸಿತು. ತಿರುಗಿ ನೋಡಿದ. ಕೊಂಬೆಗಳ ಜಾಡು ಹಿಡಿದು ಊರಿಗೆ ಊರೇ ಬರುತ್ತಿತ್ತು. ಎಲ್ಲರಿಗಿಂತ ಮುಂದೆ, ಕೂಸನ್ನು ಎತ್ತಿಕೊಂಡ ಅವನ ಮಗಳು. ನಡುಹೊಳೆಯ ಕೊಂಬೆ ಅಲುಗುತ್ತಿತ್ತು. ಬೀಸುಗಾಳಿ ಮಾತ್ರ ಇರಲಿಲ್ಲ. ಕೂಗಬೇಕೆಂದು ಬಾಯಿ ತೆರೆದ.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು.

“ಮಂಜುಗಡ್ಡೆ ಒಡೆಯಿತೇ, ಗುರುಗಳೇ?”

“ನಿನ್ನ ಏರಿಯ ಕೆಳಗಿನ ಮನೆಗಳಲ್ಲಿ ಈಗ ಯಾರು ಯಾರು ಇದ್ದಾರೆ, ಒಬ್ಬೊಬ್ಬರ ಹೆಸರೂ ಹೇಳು” ಎಂದರು ಗುರುಗಳು.