ಬಿಳಿ ಬಟ್ಟೆ ಏರಿದ ಕಡಲು

"ಗುರುಗಳೇ, ಒಳ್ಳೆಯ ಸಾಧನವನ್ನು ತಂದು ಕೈಗೇ ಕೊಟ್ಟರೂ ಜನ ಅದನ್ನು ಯಾಕೆ ಬಳಸುವುದಿಲ್ಲ?" ಎಂದು ಗವಿಸಿದ್ಧ ಕೇಳಿದ.

ದನಿಯಲ್ಲಿ ಶಿಷ್ಯನ ವಿನಯಕ್ಕಿಂತ ಫಿರ್ಯಾದಿಯ ಬಿಸಿಯೇ ಹೆಚ್ಚಿತ್ತು. ಅವನು ಹಾಲಿನ ಒಕ್ಕೂಟವೊಂದರಲ್ಲಿ ಗಾಡಿಗಳ ಮೇಲ್ವಿಚಾರಕ. ಊರೂರು ತಿರುಗಿ ಹಾಲು ತರುವ ಚಾಲಕರು, ಹಾಲು ಅಳೆದುಕೊಳ್ಳುವವರು, ಅದನ್ನು ತಣ್ಣಗಿಡುವವರು, ಎಲ್ಲರೂ ಅವನ ಮಾತಿನಂತೆ ನಡೆಯಬೇಕು. ಅವರೆಲ್ಲರ ಫೋನಿಗೂ ಅವನು ಒಂದು ಆ್ಯಪ್ ಹಾಕಿಸಿದ್ದ. ಯಾವ ಗಾಡಿ ಎಲ್ಲಿದೆ, ಯಾವ ಊರಿನಲ್ಲಿ ಹಾಲು ಕಾಯುತ್ತಿದೆ ಎಂದು ಒಬ್ಬರು ಬರೆದರೆ ಸಾಕು, ಎಲ್ಲರಿಗೂ ಕಾಣುತ್ತದೆ. ಆದರೆ ಬರೆಯುವವರೇ ಇರಲಿಲ್ಲ.

"ಯಾರೂ ಮುಟ್ಟದ ಹೋರಿಗೆ ಮೂಗುದಾರ ಹಾಕಿದವನು ನಾನು. ನಮ್ಮ ಓಣಿಯವರನ್ನು ಕೇಳಿ ನೋಡಿ. ಅಂಥವನಿಗೆ ಈ ಮಂದಿಯ ಕೈಯಲ್ಲಿ ಒಂದು ಸಾಲು ಬರೆಸಲು ಆಗುತ್ತಿಲ್ಲ. ಕಲಿಸಿದೆ, ಗದರಿದೆ, ಪೇಡೆಯನ್ನೂ ಹಂಚಿದೆ. ಪೇಡೆ ತಿಂದು 'ಆಯ್ತು ಸರ್' ಅಂತಾರೆ. ಬಾಯಿ ಒರೆಸಿಕೊಳ್ಳುವುದರೊಳಗೆ ಫೋನ್ ಮಾಡಿ 'ಸರ್, ಎಲ್ಲಿಗೆ ಹೋಗಲಿ' ಅಂತಾರೆ."

"ಒಬ್ಬರೂ ಬರೆಯಲಿಲ್ಲವೇ?"

"ಹುಸೇನಸಾಬ ಅಂತ ಒಬ್ಬ ಚಾಲಕ ಬರೆದ. ಅದೂ ತಪ್ಪು. ಎಲ್ಲರಿಗೂ ಕಾಣುವ ಹಾಗೆ ಅಲ್ಲೇ ತಿದ್ದಿದೆ."

ಹೇಳುವಾಗ ಅವನ ಎದೆ ಉಬ್ಬಿತ್ತು. ಆಮೇಲೆ ಉಳಿದದ್ದನ್ನೂ ಹೇಳಬೇಕಾಯಿತು. ಹಿಂದಿನ ವಾರ ಎರಡು ಗಾಡಿಗಳು ಒಂದೇ ಊರಿಗೆ ಹೋದವು. ಇನ್ನೊಂದು ಊರಿನ ಹೆಂಗಸರು ಕರೆದು ತಂದ ಹಾಲು ಬಿಸಿಲಿಗೆ ಕ್ಯಾನಿನಲ್ಲೇ ಒಡೆಯಿತು. ಇನ್ನೊಮ್ಮೆ ಹೀಗಾದರೆ ಗಾಡಿಗಳ ಉಸ್ತುವಾರಿ ನಿನ್ನದಲ್ಲ ಎಂದು ಮೇಲಿನವರು ಹೇಳಿಬಿಟ್ಟಿದ್ದರು. ಇಷ್ಟನ್ನು ಹೇಳುವಾಗ ಮಾತ್ರ ಗವಿಸಿದ್ಧ ನೆಲ ನೋಡುತ್ತಿದ್ದ.

ಗುರುಗಳು ಕತೆ ತೆಗೆದರು.

ಕಡಲ ದಂಡೆಯ ಊರೊಂದರಲ್ಲಿ ಮೀನುಗಾರರ ಯಜಮಾನನಿದ್ದ. ಅವನ ಕಣ್ಣೆಂದರೆ ಕಣ್ಣು. ನೀರಿನ ಬಣ್ಣ ನೋಡಿ ಅಡಿಯಲ್ಲಿ ಯಾವ ಮೀನಿದೆ ಎನ್ನುತ್ತಿದ್ದ. ಹಕ್ಕಿ ರೆಕ್ಕೆ ಮಡಚುವ ಮೊದಲೇ ಅದು ಎರಗುವ ಜಾಗಕ್ಕೆ ಬೆರಳು ಮಾಡುತ್ತಿದ್ದ. ಬೆಳಗಾದರೆ ದೋಣಿಗಳೆಲ್ಲ ಅವನ ದೋಣಿಯನ್ನು ಮುತ್ತಿಕೊಳ್ಳುತ್ತಿದ್ದವು. "ಯಜಮಾನರೇ, ಎಲ್ಲಿಗೆ?" ಎಂಬುದು ಆ ಊರಿನ ಸುಪ್ರಭಾತ. ಅವನು ಕೈ ತೋರಿದ ಕಡೆ ಬಲೆ ಬೀಳುತ್ತಿತ್ತು, ಬಿದ್ದ ಬಲೆ ತುಂಬುತ್ತಿತ್ತು.

ಆದರೆ ಕಡಲು ದೊಡ್ಡದು. ಒಬ್ಬನ ಕಣ್ಣು ಎಷ್ಟು ದೂರ ಹೋದೀತು? ಯಜಮಾನ ದಡ್ಡನಲ್ಲ, ಇದನ್ನು ಯೋಚಿಸಿದ. ಪ್ರತಿ ದೋಣಿಗೂ ಒಂದು ಬಿದಿರಿನ ಗಳು ನೆಡಿಸಿದ. ಒಂದು ಕೆಂಪು ಬಟ್ಟೆ, ಒಂದು ಬಿಳಿ ಬಟ್ಟೆ ಹೊಲಿಸಿ ಕೊಟ್ಟ. ಮೀನು ಕಂಡವನು ಕೆಂಪು ಏರಿಸಬೇಕು. ಕಾಣದವನು ಬಿಳಿ ಏರಿಸಬೇಕು. ಆಗ ಒಬ್ಬನು ಕಂಡದ್ದು ಎಲ್ಲರಿಗೂ ಕಂಡಂತೆ. ತನ್ನ ದೋಣಿಗೂ ಗಳು ಇತ್ತು, ಬಟ್ಟೆ ಮಾತ್ರ ಹೊಲಿಸಲಿಲ್ಲ. ಕಾಣದವರಿಗಲ್ಲವೇ ಬಟ್ಟೆ, ಕಾಣುವವನಿಗೆ ಯಾಕೆ?

ಮೊದಲ ದಿನವೇ ಒಬ್ಬ ಮೀನುಗಾರ ಕೆಂಪು ಬಟ್ಟೆ ಏರಿಸಿದ. ದೋಣಿಗಳೆಲ್ಲ ಆ ಕಡೆ ತಿರುಗಿದವು. ಯಜಮಾನ ಹಣೆಗೆ ಕೈ ಅಡ್ಡ ಹಿಡಿದು ಒಮ್ಮೆ ನೋಡಿದ, ನಕ್ಕ.

"ಇಳಿಸೋ ಮಾರಾಯ. ಅದು ಮೀನಲ್ಲ, ಮೋಡದ ನೆರಳು. ನೆರಳಿಗೆ ಉಪ್ಪು ಹಾಕಿ ಒಣಗಿಸುತ್ತೀಯೇನು?"

ಕಡಲಿಗೆ ಕಡಲೇ ನಕ್ಕಿತು. ಯಜಮಾನ ಹೇಳಿದ್ದು ಸುಳ್ಳಲ್ಲ. ಮೋಡ ಸರಿಯಿತು, ನೆರಳೂ ಸರಿಯಿತು. ಆ ಮೀನುಗಾರ ಬಟ್ಟೆ ಇಳಿಸಿ ಮಡಚಿ ಕಾಲ ಕೆಳಗೆ ಹಾಕಿಕೊಂಡ.

ಗವಿಸಿದ್ಧ ಕೂತಲ್ಲೇ ಸ್ವಲ್ಪ ಸರಿದು ಕೂತ. ಗುರುಗಳು ಅದನ್ನು ನೋಡಿಯೂ ನೋಡದವರಂತೆ ಮುಂದುವರಿಸಿದರು.

ಮಾರನೆಯ ದಿನದಿಂದ ಕೆಂಪು ಬಟ್ಟೆ ಬುತ್ತಿ ಕಟ್ಟುವುದಕ್ಕೆ ಬಂತು. ಬಿಳಿ ಬಟ್ಟೆ ಬೆವರು ಒರೆಸುವುದಕ್ಕೆ. ಏರಿಸುವ ಮಾತು ಎಲ್ಲಿಂದ ಬರಬೇಕು? ಕೆಂಪು ಏರಿಸಿದವನ ಪಾಡು ನೋಡಿಯಾಗಿತ್ತು. ಇನ್ನು ಬಿಳಿಯದು. ತನ್ನ ಬಲೆ ಬರಿದೆಂದು ತಾನೇ ಬಾವುಟ ಹಾರಿಸುವ ಗಂಡಸು ಯಾವ ಊರಿನಲ್ಲಿದ್ದಾನೆ? ಯಜಮಾನ ರೇಗಿದ. ನಾಳೆ ಬಟ್ಟೆ ಏರಿಸದ ದೋಣಿಗೆ ದಂಡ ಎಂದ. ಮರುದಿನ ಎಲ್ಲ ಗಳುಗಳಲ್ಲೂ ಕೆಂಪು ಬಟ್ಟೆ ಹಾರಾಡಿತು, ಮೀನು ಒಂದರ ಬಳಿಯೂ ಇರಲಿಲ್ಲ. ಇದೇನೆಂದು ಕೇಳಿದರೆ, "ಏರಿಸಿ ಅಂದಿರಿ, ಏರಿಸಿದೆವು" ಎಂದರು. ಯಜಮಾನ ಹಣೆ ಚಚ್ಚಿಕೊಂಡು ಬಟ್ಟೆಯ ಮಾತು ಬಿಟ್ಟ. ದೋಣಿಗಳು ಮತ್ತೆ ಅವನನ್ನು ಮುತ್ತಿಕೊಂಡವು. ನಿಜ ಹೇಳಬೇಕೆಂದರೆ ಅದು ಅವನಿಗೂ ಹಿತವಾಗಿತ್ತು.

ಒಂದು ವರ್ಷ ಮೀನು ಜಾಗ ಬದಲಿಸಿತು.

ಯಜಮಾನ ಕೈ ತೋರಿದ, ಬಲೆ ಬರಿದಾಗಿ ಬಂತು. ಇನ್ನೊಂದು ಕಡೆ ತೋರಿದ, ಅಲ್ಲೂ ಬರಿದು. ಉಪ್ಪು ಗಡಿಗೆಯಲ್ಲೇ ಕಲ್ಲಾಯಿತು. ದಂಡೆಯಲ್ಲಿ ಕಾಯುವ ಹೆಂಗಸರು ದೋಣಿಯೊಳಗೆ ಇಣುಕುವುದನ್ನೂ ಬಿಟ್ಟರು. ಇನ್ನೊಂದು ದಿನ ಹೀಗೇ ಬಂದರೆ ದೋಣಿಗಳನ್ನು ಮಗುಚಿ ಹಾಕಿ, ದಿಕ್ಕಿಗೊಬ್ಬರಾಗಿ ಕೂಲಿಗೆ ಹೊರಡುವುದೆಂದು ಊರು ಮಾತಾಡಿಕೊಂಡಿತು. ಊರೇ ಚದುರುವ ಹೊತ್ತು.

ಆ ದಿನವೂ ದೋಣಿಗಳು ಬಂದವು. "ಯಜಮಾನರೇ, ಎಲ್ಲಿಗೆ?" ಎಂದವು. ಯಜಮಾನನ ಕೈ ಎದ್ದಿತು, ಅರ್ಧದಲ್ಲೇ ನಿಂತಿತು. ಯಾವ ದಿಕ್ಕಿಗೂ ತಿರುಗಲಿಲ್ಲ.

"ಹರಡಿಕೊಳ್ಳಿ. ತೋಚಿದ ಕಡೆ ಹೋಗಿ," ಎಂದ.

ದೋಣಿಗಳು ಕಡಲ ತುಂಬ ಚದುರಿದವು. ಯಜಮಾನ ತನ್ನ ದೋಣಿಯಲ್ಲಿ ನಿಂತು ನೋಡಿದ. ನೀರು ತೊಳೆದಿಟ್ಟ ತಟ್ಟೆಯಂತೆ ಮಲಗಿತ್ತು. ಓದಲು ಅದರ ಮೇಲೆ ಒಂದು ಅಕ್ಷರವೂ ಇರಲಿಲ್ಲ. ಬಹಳ ಹೊತ್ತು ನೋಡಿದ ಮೇಲೆ ಅವನ ಕೈ ತಲೆಯ ಮೇಲಿನ ಬಿಳಿ ರುಮಾಲಿಗೆ ಹೋಯಿತು. ಅದು ಯಜಮಾನಿಕೆಯ ರುಮಾಲು. ಅಪ್ಪ ಸತ್ತ ದಿನ ಊರವರು ಸುತ್ತಿದ್ದು. ನಾಲ್ಕು ಜನರ ಎದುರು ಅವನು ಅದನ್ನು ತೆಗೆದವನಲ್ಲ. ಈಗ ಬಿಚ್ಚತೊಡಗಿದ.

ಹುಟ್ಟು ಹಾಕುವವನು ಗಾಬರಿಯಾದ. "ಯಜಮಾನರೇ, ಎಲ್ಲರೂ ನೋಡುತ್ತಾರೆ."

"ನೋಡಲಿ ಅಂತಲೇ," ಎಂದ ಯಜಮಾನ. ರುಮಾಲನ್ನು ಗಳುವಿಗೆ ಕಟ್ಟಿ ತುದಿಯವರೆಗೆ ಏರಿಸಿದ. ಇಲ್ಲಿ ಏನೂ ಇಲ್ಲ.

ಕಡಲ ಮೇಲೆ ಹುಟ್ಟಿನ ಸದ್ದು ನಿಂತಿತು.

ಆಮೇಲೆ ಹತ್ತಿರದ ದೋಣಿಯಲ್ಲಿ ಒಂದು ಬಿಳಿ ಬಟ್ಟೆ ಏರಿತು. ಅದರಾಚೆ ಇನ್ನೊಂದು. ಬೆವರು ಕುಡಿದು ಮಾಸಿದ್ದು, ಹರಿದದ್ದು, ಗಂಟು ಬಿದ್ದದ್ದು. ಅದರಾಚೆ, ಇನ್ನೂ ಆಚೆ, ಗದ್ದೆಯಿಂದ ಕೊಕ್ಕರೆಗಳು ಒಂದನ್ನು ನೋಡಿ ಇನ್ನೊಂದು ಏಳುವಂತೆ ಬಟ್ಟೆಗಳು ಎದ್ದವು. ಮನುಷ್ಯರ ಮುಖ ಕಾಣದಷ್ಟು ದೂರದಲ್ಲೂ, ದೋಣಿಯೇ ಚುಕ್ಕೆಯಾದ ಕಡೆಯಲ್ಲೂ ಬಿಳಿ ಕಂಡಿತು. ಇಲ್ಲಿ ಇಲ್ಲ, ಇಲ್ಲಿಯೂ ಇಲ್ಲ ಎಂದು ಕಡಲು ಮೂಲೆಮೂಲೆಯಿಂದ ಹೇಳುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ ಕಡಲನ್ನು ಯಜಮಾನ ಇಡಿಯಾಗಿ ನೋಡಿದ್ದು ಅದೇ ಮೊದಲು. ಅದು ಅಷ್ಟು ದೊಡ್ಡದೆಂದು ಅವನಿಗೆ ಗೊತ್ತೇ ಇರಲಿಲ್ಲ.

ಒಂದು ದೋಣಿಯ ಗಳು ಮಾತ್ರ ಬೋಳಾಗಿತ್ತು. ತೆಂಕಣ ಅಂಚಿನಲ್ಲಿ, ಒಂಟಿಯಾಗಿ. ಅಂದು ನೆರಳು ನೋಡಿ ನಗೆಪಾಟಲಾದವನ ದೋಣಿ. ಬಿಳಿ ಏರಿಸಲಾರ, ಯಾಕೆಂದರೆ ಅವನಿಗೆ ಏನೋ ಕಾಣುತ್ತಿತ್ತು. ಕೆಂಪು ಏರಿಸಲಾರ, ಯಾಕೆಂದರೆ ಆ ನಗು ಇನ್ನೂ ಕಿವಿಯಲ್ಲಿತ್ತು. ಅವನು ಯಜಮಾನನ ಗಳುವಿನ ಕಡೆ ನೋಡುತ್ತಲೇ ನಿಂತಿದ್ದ. ಕೊನೆಗೆ ಬುತ್ತಿಯ ಗಂಟು ಬಿಚ್ಚಿದ. ಕೆಂಪು ಬಟ್ಟೆ ಅರ್ಧ ಏರಿತು, ನಿಂತಿತು, ಆಮೇಲೆ ತುದಿಗೆ ಹೋಯಿತು.

"ಅದೂ ಮೋಡದ ನೆರಳೇ ಆಗಿದ್ದರೆ?" ಎಂದ ಹುಟ್ಟು ಹಾಕುವವನು.

"ಆಗಿರಲಿ. ಇವತ್ತು ಎಲ್ಲರೂ ಸೇರಿ ನೆರಳಿಗೇ ಬಲೆ ಹಾಕೋಣ. ತಿರುಗಿಸು."

ಯಾರಿಗೂ ಯಾರೂ ಕೂಗಿ ಹೇಳಲಿಲ್ಲ. ದೋಣಿಗಳೆಲ್ಲ ಒಟ್ಟಿಗೆ ತೆಂಕಣಕ್ಕೆ ತಿರುಗಿದವು. ಅದು ನೆರಳಾಗಿರಲಿಲ್ಲ. ನೀರು ಅನ್ನದ ಎಸರಿನಂತೆ ಕುದಿಯುತ್ತಿತ್ತು. ಒಂದು ದೋಣಿಯ ಬಲೆ ಸಾಲದೆ ಇನ್ನೊಂದರ ಬಲೆ ಸೇರಿಸಿದರು, ಅದೂ ಸಾಲದೆ ಮತ್ತೊಂದರದು. ಎಳೆಯುವಾಗ ದೋಣಿಗಳ ಅಂಚು ನೀರು ಮುಟ್ಟಿತು. ಅಷ್ಟು ಮೀನು ಕಂಡೂ ಯಾರೊಬ್ಬರೂ ಕೇಕೆ ಹಾಕಲಿಲ್ಲ. ಮುದುಕರು ಬೊಗಸೆಯಲ್ಲಿ ನೀರೆತ್ತಿ ಕಣ್ಣಿಗೆ ಒತ್ತಿಕೊಂಡರು.

ಗುರುಗಳು ಕತೆ ನಿಲ್ಲಿಸಿದರು.

ಗವಿಸಿದ್ಧ ಕಡಲನ್ನು ಕಂಡವನಲ್ಲ. ಆದರೂ ಆ ಬಿಳಿ ಬಟ್ಟೆಗಳು ಕಣ್ಣ ಮುಂದೆ ಏರುತ್ತಲೇ ಇದ್ದವು. ಅವನು ಎದ್ದು ನಿಂತ.

"ತಿಳಿಯಿತು ಗುರುಗಳೇ. ಇವತ್ತೇ ಆ್ಯಪಿನಲ್ಲಿ ಆದೇಶ ಹಾಕುತ್ತೇನೆ. ತಮಗೆ ಗೊತ್ತಿಲ್ಲದ್ದನ್ನು ಪ್ರತಿಯೊಬ್ಬರೂ ಮುಚ್ಚಿಡದೆ ಬರೆಯಲೇಬೇಕು. ಹೇಗೆ ಬರೆಯುವುದಿಲ್ಲವೋ ನೋಡೇಬಿಡುತ್ತೇನೆ." ಹೇಳುತ್ತಲೇ ಫೋನು ತೆಗೆದು ಹೆಬ್ಬೆರಳು ಇಟ್ಟ.

ಗುರುಗಳು ಅವನನ್ನು ನೋಡಿ ಮೆಲ್ಲಗೆ ಕೇಳಿದರು:

"ನಿನಗೆ ಗೊತ್ತಿಲ್ಲದ್ದು ಯಾವುದು, ತಮ್ಮಾ?"

ಹೆಬ್ಬೆರಳು ನಿಂತಲ್ಲೇ ನಿಂತಿತು.