ಕ್ಯಾಪ್ಟನ್ ಒಪ್ಪಿಕೊಂಡ ಹೊಗೆ

ಬಂದರಿನಲ್ಲಿ ನಿಂತ ಹಡಗೊಂದು ಎರಡು ದಿನ ಬಿಡದೆ ಕಪ್ಪು ಹೊಗೆ ಉಗುಳಿತು. ದಡದಲ್ಲಿ ಹೆಂಗಸರು ಒಣಹಾಕಿದ್ದ ಮೀನೆಲ್ಲ ಮಸಿಯಾಯಿತು. ಬಂದರು ಕಚೇರಿಯ ಗುಮಾಸ್ತೆ ವಾರಿಜಾ ಮಾಲಿನ್ಯ ಕಾನೂನಿನ ನೋಟಿಸು ಹಿಡಿದು ಹಡಗು ಹತ್ತಿದಳು.

ಕ್ಯಾಪ್ಟನ್ ನಕ್ಕ. "ಹೊಗೆಕೊಳವೆ ದಾಟಿದ ಮೇಲೆ ಹೊಗೆ ಗಾಳಿಯದ್ದು ಮಾರಾಯ್ತಿ, ಹಡಗಿನದ್ದಲ್ಲ. ನಾನು ಸಹಿ ಹಾಕುವುದಿಲ್ಲ. ಸಂಜೆ ಹೊರಡಬೇಕು, ಅಪ್ಪಣೆ ಚೀಟಿ ಕೊಡು."

"ಆಯ್ತು ಸಾರ್," ಎಂದು ವಾರಿಜಾ ಬೇರೊಂದು ಕಾಗದ ತೆಗೆದು ಬರೆಯತೊಡಗಿದಳು.

"ಏನದು?"

"ಹಡಗಿನೊಳಗಿದ್ದದ್ದು ನಮ್ಮ ದಡಕ್ಕೆ ಇಳಿದಿದೆ. ಅದು ಹಡಗಿನ ಹೊಗೆಯಲ್ಲ ಅಂದರೆ ಸರಕೇ ಆಯ್ತಲ್ಲ? ಅಪ್ಪಣೆಯಿಲ್ಲದೆ ಇಳಿಸಿದ್ದೀರಿ. ಮೀನಿನ ಮೇಲಿಂದ ಅಷ್ಟನ್ನೂ ಒರೆಸಿ ತೂಗುವವರೆಗೆ ಹಡಗು ಕದಲುವಂತಿಲ್ಲ."

ಕ್ಯಾಪ್ಟನ್ ಆ ಕಾಗದಕ್ಕೆ ಕೈ ಅಡ್ಡ ಹಿಡಿದ. "ಅಯ್ಯೋ, ಸರಕಲ್ಲ ತಾಯೀ! ಅದು ನಮ್ಮ ಹಡಗಿನದ್ದೇ ಹೊಗೆ!"

"ಅಷ್ಟನ್ನೇ ಬರೆದು ಸಹಿ ಹಾಕಿ," ಎಂದು ವಾರಿಜಾ ನೋಟಿಸನ್ನು ಮುಂದಿಟ್ಟಳು.